ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ: ಶ್ವಾಸಕೋಶದ ತೀವ್ರ ಕಾಯಿಲೆಯ ನಂತರ ದೇಹ, ಮನಸ್ಸುಗಳ ಚೇತರಿಕೆ

ತೀವ್ರ ನ್ಯುಮೋನಿಯಾ ಅಥವಾ ಕೋವಿಡ್‌ನಂಥ ಕಾಯಿಲೆಯಿಂದ ಆಸ್ಪತ್ರೆ ಸೇರಿ, ಹಲವು ದಿನ ಆಕ್ಸಿಜನ್ ಅಥವಾ ವೆಂಟಿಲೇಟರ್ ನೆರವಿನಲ್ಲಿದ್ದು ಮನೆಗೆ ಮರಳಿದವರನ್ನು ಮೊದಲು ಕಾಡುವುದು ಒಂದು ಗೊಂದಲ. ಎಕ್ಸ್‌ರೇ ತಿಳಿಯಾಗಿದೆ, ಜ್ವರ ಹೋಗಿದೆ, ರಕ್ತಪರೀಕ್ಷೆಯ ಅಂಕಿಗಳೂ ಸರಿಯಾಗಿವೆ. ಆದರೂ ಹಾಸಿಗೆಯಿಂದ ಎದ್ದು ಬಚ್ಚಲುಮನೆಯವರೆಗೆ ಹೋಗಿ ಬರುವಷ್ಟರಲ್ಲಿ ಏದುಸಿರು ಬಂದು ಕುಳಿತುಕೊಳ್ಳಬೇಕಾಗುತ್ತದೆ. ಶ್ವಾಸಕೋಶ ಇನ್ನೂ ಕೆಟ್ಟೇ ಇರಬೇಕೆಂದು ಹೆದರಿ ಕೆಲವರು ಹಾಸಿಗೆ ಬಿಟ್ಟು ಏಳುವುದಿಲ್ಲ. ವರದಿ ಚೆನ್ನಾಗಿದೆಯಲ್ಲ ಎಂಬ ಧೈರ್ಯದಲ್ಲಿ ಇನ್ನು ಕೆಲವರು ಮೊದಲ ವಾರವೇ ಹಳೆಯ ದಿನಚರಿಗೆ ಹೊರಡುತ್ತಾರೆ. ಎರಡೂ ಚೇತರಿಕೆಯನ್ನು ಹಿಂದಕ್ಕೆ ತಳ್ಳುತ್ತವೆ.

ಈ ಏದುಸಿರಿನ ಮೂಲ ಎಷ್ಟೋ ಸಲ ತೊಡೆಯಲ್ಲಿರುತ್ತದೆ. ಐಸಿಯುನಲ್ಲಿ ಮಲಗಿದ ರೋಗಿಗಳ ತೊಡೆಯ ಸ್ನಾಯುವನ್ನು ಅಲ್ಟ್ರಾಸೌಂಡ್‌ನಿಂದ ಅಳೆದು 2013ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಕೇವಲ 10 ದಿನಗಳಲ್ಲಿ ಸ್ನಾಯುವಿನ ಗಾತ್ರ ಶೇ. 17ಕ್ಕಿಂತ ಹೆಚ್ಚು ಕುಗ್ಗಿತ್ತು. ಕೆನಡಾದ ಸಂಶೋಧಕರು ಶ್ವಾಸಕೋಶದ ಅತಿ ತೀವ್ರ ಉರಿಯೂತದಿಂದ ಬದುಕುಳಿದವರನ್ನು ಐದು ವರ್ಷ ಹಿಂಬಾಲಿಸಿ 2011ರಲ್ಲಿ ವರದಿ ಮಾಡಿದಾಗ, ಅವರ ಶ್ವಾಸಕೋಶದ ಕಾರ್ಯ ಬಹುಮಟ್ಟಿಗೆ ಸಾಮಾನ್ಯವಾಗಿದ್ದರೂ ಆರು ನಿಮಿಷದಲ್ಲಿ ಅವರು ನಡೆಯಬಲ್ಲ ದೂರ ಆ ವಯಸ್ಸಿನವರಿಂದ ನಿರೀಕ್ಷಿಸುವುದರ ಸುಮಾರು ಮುಕ್ಕಾಲು ಪಾಲಿನಷ್ಟೇ ಇತ್ತು. ಸ್ನಾಯು ಸೊರಗಿದಾಗ ಅದು ಅದೇ ಕೆಲಸಕ್ಕೆ ಹೆಚ್ಚು ಆಯಾಸಪಡುತ್ತದೆ, ಆ ಆಯಾಸವನ್ನು ಉಸಿರಾಟ ತೀರಿಸಬೇಕಾಗುತ್ತದೆ. ಜೊತೆಗೆ ನೆನಪು, ಗಮನ, ನಿದ್ರೆ, ಧೈರ್ಯ ಇವೆಲ್ಲವೂ ಪೆಟ್ಟು ತಿಂದಿರುತ್ತವೆ. ವೈದ್ಯರು ಈ ಮೂರನ್ನೂ, ಅಂದರೆ ದೇಹದ ನಿಶ್ಶಕ್ತಿ, ಯೋಚನೆಯ ಮಂಕು ಮತ್ತು ಮನಸ್ಸಿನ ತಳಮಳವನ್ನು, ಐಸಿಯು ನಂತರದ ಒಂದೇ ಲಕ್ಷಣಕೂಟವೆಂದು ಪರಿಗಣಿಸುತ್ತಾರೆ.

ಎಷ್ಟು ದಿನ ಹಿಡಿಯುತ್ತದೆ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ನ್ಯುಮೋನಿಯಾ ರೋಗಿಗಳಿಗೆ ಸಾಮಾನ್ಯವಾಗಿ ಹೇಳುವ ಲೆಕ್ಕ ಹೀಗಿದೆ: ಒಂದು ವಾರದಲ್ಲಿ ಜ್ವರ ಇಳಿಯಬೇಕು, 4 ವಾರಗಳಲ್ಲಿ ಎದೆನೋವು ಮತ್ತು ಕಫ ಬಹಳಷ್ಟು ತಗ್ಗಬೇಕು, 6 ವಾರಗಳಲ್ಲಿ ಕೆಮ್ಮು ಮತ್ತು ಏದುಸಿರು ಗಣನೀಯವಾಗಿ ಕಡಿಮೆಯಾಗಬೇಕು, 3 ತಿಂಗಳಿಗೆ ಸುಸ್ತನ್ನು ಬಿಟ್ಟು ಹೆಚ್ಚಿನದೆಲ್ಲ ಹೋಗಿರಬೇಕು, 6 ತಿಂಗಳಿಗೆ ಬಹುತೇಕರು ಮೊದಲಿನಂತಾಗುತ್ತಾರೆ. ಐಸಿಯುನಲ್ಲಿದ್ದು ಬಂದವರಿಗೆ ಇದಕ್ಕಿಂತ ಹೆಚ್ಚು ಕಾಲ ಬೇಕಾಗುತ್ತದೆ. ಒಂದು ವರ್ಷ ಹಿಡಿದರೂ ಅದು ಅಸಹಜವಲ್ಲ.

ಹಂತ 1: ಮೊದಲ ಎರಡು ದಿನ ಕಾಗದಪತ್ರಕ್ಕೆ

ಮನೆಗೆ ಬಂದ ಕೂಡಲೇ ಬಿಡುಗಡೆ ಸಾರಾಂಶವನ್ನು ಮನೆಯ ಇನ್ನೊಬ್ಬರೊಡನೆ ಕುಳಿತು ಓದಿ. ಯಾವ ಮಾತ್ರೆ ಎಷ್ಟು ದಿನ, ಯಾವುದನ್ನು ಹಂತಹಂತವಾಗಿ ಇಳಿಸಬೇಕು, ಕಾಯಿಲೆಗೆ ಮುಂಚೆ ತೆಗೆದುಕೊಳ್ಳುತ್ತಿದ್ದ ಔಷಧಿಗಳಲ್ಲಿ ಯಾವುದನ್ನು ಮುಂದುವರಿಸಬೇಕು ಎಂಬುದನ್ನು ಒಂದೇ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ಸ್ಟೆರಾಯ್ಡ್ ಮಾತ್ರೆ ಕೊಟ್ಟಿದ್ದರೆ ಅದನ್ನು ಸ್ವಂತ ತೀರ್ಮಾನದಿಂದ ಒಮ್ಮೆಲೇ ನಿಲ್ಲಿಸಬಾರದು. ಸಕ್ಕರೆ ಕಾಯಿಲೆ ಇಲ್ಲದವರಲ್ಲೂ ಅದು ರಕ್ತದ ಸಕ್ಕರೆಯನ್ನು ಏರಿಸಬಲ್ಲದು, ನಿದ್ರೆಯನ್ನು ಕೆಡಿಸಬಲ್ಲದು, ತೊಡೆ ಮತ್ತು ಭುಜದ ಸ್ನಾಯುಗಳನ್ನು ಇನ್ನಷ್ಟು ಸೊರಗಿಸಬಲ್ಲದು. ಮುಂದಿನ ಭೇಟಿಯ ದಿನಾಂಕವನ್ನು ಅದೇ ಹಾಳೆಯಲ್ಲಿ ಬರೆಯಿರಿ. ಧೂಮಪಾನಿಗಳು, 50 ದಾಟಿದವರು ಮತ್ತು ತೊಂದರೆ ಇನ್ನೂ ಉಳಿದವರು ಸುಮಾರು 6 ವಾರಗಳ ನಂತರ ಎದೆಯ ಎಕ್ಸ್‌ರೇ ಮತ್ತೊಮ್ಮೆ ತೆಗೆಸುವ ಅಗತ್ಯವಿದೆಯೇ ಎಂದು ವೈದ್ಯರನ್ನು ಕೇಳಬೇಕು.

ಮನೆಯಲ್ಲಿ ಆಕ್ಸಿಜನ್ ಬಳಸಲು ಹೇಳಿದ್ದರೆ, ಅದರ ಹರಿವಿನ ಪ್ರಮಾಣವನ್ನು ಮಾತ್ರೆಯ ಪ್ರಮಾಣದಂತೆಯೇ ನೋಡಬೇಕು; ದಮ್ಮು ಹೆಚ್ಚಾಯಿತೆಂದು ತಾವೇ ಗುಂಡಿ ತಿರುಗಿಸಿ ಏರಿಸುವುದು ಕೆಲವು ರೋಗಿಗಳಲ್ಲಿ ಅಪಾಯಕ್ಕೆ ದಾರಿ. ಆ ಕೋಣೆಯಲ್ಲಿ ಬೆಂಕಿ, ಒಲೆ, ಬೀಡಿ, ಸಿಗರೇಟು ಯಾವುದೂ ಇರಕೂಡದು.

ಹಂತ 2: ಯಾವಾಗ ಆಸ್ಪತ್ರೆಗೆ ಓಡಬೇಕೆಂಬುದನ್ನು ಮೊದಲೇ ತಿಳಿದಿರಿ

ವ್ಯಾಯಾಮದ ಮಾತಿಗೆ ಮುಂಚೆ ಇದನ್ನು ಹೇಳುವುದಕ್ಕೆ ಕಾರಣವಿದೆ. ಚೇತರಿಕೆಯ ಕಾಲದಲ್ಲಿ ಮನೆಯವರು ಸಣ್ಣ ಸುಸ್ತಿಗೂ ಗಾಬರಿಯಾಗುತ್ತಾರೆ, ದೊಡ್ಡ ಸೂಚನೆಯನ್ನು ಸುಸ್ತೆಂದು ತಳ್ಳಿಹಾಕುತ್ತಾರೆ. ಕುಳಿತಲ್ಲೇ ಉಸಿರು ಸಾಲದೆ ಒಂದು ವಾಕ್ಯವನ್ನೂ ಪೂರ್ತಿ ಆಡಲಾಗದಿರುವುದು, ತುಟಿ ಅಥವಾ ಉಗುರು ನೀಲಿಯಾಗುವುದು, ಎದೆ ಹಿಂಡಿದಂಥ ನೋವು, ಕೆಮ್ಮಿನಲ್ಲಿ ರಕ್ತ, ಇದ್ದಕ್ಕಿದ್ದಂತೆ ಗೊಂದಲ ಅಥವಾ ಅತಿಯಾದ ಮಂಪರು, ಮುಖ ವಾಲುವುದು, ಕೈಕಾಲು ಸ್ವಾಧೀನ ತಪ್ಪುವುದು ಇವುಗಳಿಗೆ ತಡಮಾಡದೆ ತುರ್ತು ಚಿಕಿತ್ಸೆ ಬೇಕು. ಒಂದೇ ಕಾಲಿನ ಮೀನಖಂಡ ಊದಿಕೊಂಡು, ಬಿಸಿಯಾಗಿ, ಮುಟ್ಟಿದರೆ ನೋಯುತ್ತಿದ್ದರೆ ಅಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಹೆಚ್ಚು ಕಾಲ ಮಲಗಿದವರಲ್ಲಿ ಇದು ನಿಜವಾದ ಅಪಾಯ. ಹೋದ ಜ್ವರ ಮರಳಿ ಬಂದರೂ ಅದೇ ದಿನ ವೈದ್ಯರಿಗೆ ತಿಳಿಸಿ.

ರಕ್ತದಲ್ಲಿನ ಆಕ್ಸಿಜನ್ ಮಟ್ಟವನ್ನು ಶೇಕಡಾ ಲೆಕ್ಕದಲ್ಲಿ ತೋರಿಸುವ ಪಲ್ಸ್ ಆಕ್ಸಿಮೀಟರ್ ಇಟ್ಟುಕೊಂಡಿದ್ದರೆ ಅದನ್ನು ಸರಿಯಾಗಿ ಬಳಸಿ. ಐದು ನಿಮಿಷ ಸುಮ್ಮನೆ ಕುಳಿತು, ಕೈ ಬೆಚ್ಚಗಿದೆಯೆಂದು ಖಚಿತಪಡಿಸಿಕೊಂಡು, ಉಗುರುಬಣ್ಣವಿಲ್ಲದ ಬೆರಳಿಗೆ ಹಾಕಿ, ಅಂಕಿ ನಿಲ್ಲುವವರೆಗೆ ಕಾಯಬೇಕು. ಸಾಮಾನ್ಯ ಆರೋಗ್ಯವಂತರಲ್ಲಿ ವಿಶ್ರಾಂತಿಯ ಅಂಕಿ 95 ಅಥವಾ ಅದಕ್ಕಿಂತ ಮೇಲಿರುತ್ತದೆ. 93 ಅಥವಾ 94 ಬಂದರೆ ವೈದ್ಯರನ್ನು ಸಂಪರ್ಕಿಸಿ, 92 ಅಥವಾ ಅದಕ್ಕಿಂತ ಕೆಳಗೆ ಇಳಿದರೆ ಅದನ್ನು ತುರ್ತೆಂದೇ ತಿಳಿಯಿರಿ. ಹಳೆಯ ಶ್ವಾಸನಾಳದ ಕಾಯಿಲೆ ಇರುವವರಿಗೆ ವೈದ್ಯರು ಬೇರೆ ಮಿತಿಯನ್ನು ಹೇಳಿರಬಹುದು, ಅವರಿಗೆ ಅದೇ ಲೆಕ್ಕ. ಕಪ್ಪು ಚರ್ಮದವರಲ್ಲಿ ಈ ಉಪಕರಣ ನಿಜಕ್ಕಿಂತ ತುಸು ಹೆಚ್ಚಿನ ಅಂಕಿ ತೋರಿಸಬಲ್ಲದು, ಆದ್ದರಿಂದ ಅಂಕಿ ಚೆನ್ನಾಗಿದ್ದು ಮನುಷ್ಯ ಒದ್ದಾಡುತ್ತಿದ್ದರೆ ಮನುಷ್ಯನನ್ನು ನಂಬಿ. ಹಾಗೆಂದು ಗಂಟೆಗೊಮ್ಮೆ ಬೆರಳಿಗೆ ಸಿಕ್ಕಿಸಿ ನೋಡುತ್ತ ಕೂರುವುದರಿಂದ ಆತಂಕವಷ್ಟೇ ಬೆಳೆಯುತ್ತದೆ. ವೈದ್ಯರು ಬೇರೆ ಹೇಳದಿದ್ದರೆ ದಿನಕ್ಕೆ ಎರಡು ಮೂರು ಬಾರಿ ಸಾಕು.

ಹಂತ 3: ಉಸಿರನ್ನು ಹತೋಟಿಗೆ ತಂದುಕೊಳ್ಳುವುದು

ದಮ್ಮು ಹತ್ತಿದಾಗ ಮೊದಲು ಭಂಗಿ ಬದಲಿಸಿ. ಮೇಜಿನ ಮುಂದೆ ಕುಳಿತು, ಎರಡು ದಿಂಬುಗಳ ಮೇಲೆ ತಲೆ ಮತ್ತು ತೋಳುಗಳನ್ನಿಟ್ಟು ಮುಂದಕ್ಕೆ ಒರಗುವುದು ಒಂದು ವಿಧಾನ. ನಡೆಯುವಾಗ ದಮ್ಮು ಬಂದರೆ ಕಿಟಕಿಯ ಕಟ್ಟೆಯ ಮೇಲೋ ಕುರ್ಚಿಯ ಬೆನ್ನಿನ ಮೇಲೋ ಮೊಣಕೈ ಊರಿ ಮುಂದೆ ಬಾಗಬಹುದು, ಅಥವಾ ಗೋಡೆಗೆ ಬೆನ್ನು ಕೊಟ್ಟು, ಪಾದಗಳನ್ನು ಗೋಡೆಯಿಂದ ಒಂದು ಅಡಿ ಮುಂದಿಟ್ಟು, ತೋಳು ಸಡಿಲ ಬಿಟ್ಟು ನಿಲ್ಲಬಹುದು. ತೋಳುಗಳಿಗೆ ಆಸರೆ ಸಿಕ್ಕಿದಾಗ ಕುತ್ತಿಗೆ, ಭುಜಗಳ ಸ್ನಾಯುಗಳಿಗೆ ಉಸಿರಾಟಕ್ಕೆ ನೆರವಾಗುವುದು ಸುಲಭವಾಗುತ್ತದೆ.

ಆಮೇಲೆ ಉಸಿರಿನ ಲಯ. ಮೂಗಿನಿಂದ ಮೆಲ್ಲಗೆ ಉಸಿರೆಳೆದು, ಬಿಸಿ ಪಾನೀಯವನ್ನು ಊದಿ ಆರಿಸುವಾಗಿನಂತೆ ತುಟಿಗಳನ್ನು ಕಿರಿದು ಮಾಡಿ, ಎಳೆದುದರ ಎರಡರಷ್ಟು ಹೊತ್ತು ಹೊರಬಿಡಿ. ಶ್ವಾಸನಾಳಗಳು ಬೇಗ ಮುಚ್ಚಿಕೊಳ್ಳದೆ ಒಳಗೆ ಉಳಿದ ಗಾಳಿ ಹೊರಬರಲು ಇದು ನೆರವಾಗುತ್ತದೆ. ಮೆಟ್ಟಿಲು ಹತ್ತುವಾಗ, ಬಾಗಿ ಏನನ್ನಾದರೂ ಎತ್ತುವಾಗ, ಶ್ರಮ ಬೀಳುವ ಕ್ಷಣದಲ್ಲಿಯೇ ಉಸಿರು ಬಿಡುವುದನ್ನು ರೂಢಿಸಿಕೊಳ್ಳಿ. ಬಹಳ ಮಂದಿ ಆ ಕ್ಷಣದಲ್ಲಿ ಅರಿವಿಲ್ಲದೆ ಉಸಿರು ಬಿಗಿಹಿಡಿಯುತ್ತಾರೆ. ದಮ್ಮಿಲ್ಲದ ಹೊತ್ತಿನಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟು, ಎದೆಗಿಂತ ಹೊಟ್ಟೆ ಹೆಚ್ಚು ಏಳುವಂತೆ ಐದು ನಿಮಿಷ ಉಸಿರಾಡುವ ಅಭ್ಯಾಸವನ್ನು ದಿನಕ್ಕೆ ಎರಡು ಮೂರು ಸಲ ಮಾಡಿದರೆ, ಬೇಕಾದ ಹೊತ್ತಿಗೆ ಅದು ತಾನಾಗಿ ಬರುತ್ತದೆ.

ಕಫವಿದ್ದರೆ ಗಂಟಲು ಹರಿಯುವಂತೆ ಕೆಮ್ಮಬೇಡಿ. ಮೂರು ನಾಲ್ಕು ಆಳವಾದ ಉಸಿರು ತೆಗೆದುಕೊಂಡು, ಕನ್ನಡಿಯ ಮೇಲೆ ಆವಿ ಹಿಡಿಸುವಾಗಿನಂತೆ ಬಾಯಿ ತೆರೆದು ‘ಹಾ’ ಎಂದು ರಭಸದಿಂದ ಗಾಳಿ ಹೊರತಳ್ಳಿದರೆ ಕಫ ಮೇಲೆ ಸರಿಯುತ್ತದೆ, ಆಗ ಒಂದು ಕೆಮ್ಮಿಗೇ ಅದು ಬರುತ್ತದೆ.

ಹಂತ 4: ಶ್ರಮವನ್ನು ಅಳೆಯಲು ಕಲಿಯಿರಿ

ಇಡೀ ಚೇತರಿಕೆಯಲ್ಲಿ ಇದು ಅತಿ ಮುಖ್ಯವಾದ, ಅತಿ ಹೆಚ್ಚು ಮಂದಿ ಬಿಟ್ಟುಬಿಡುವ ಹಂತವೆಂದು ನನ್ನ ಅಭಿಪ್ರಾಯ. ಇಂದು ಮಾಡಿದ ಕೆಲಸ ಹೆಚ್ಚಾಯಿತೋ ಸರಿಯಾಯಿತೋ ಎಂಬುದನ್ನು ಇಂದಿನ ದೇಹ ಹೇಳುವುದಿಲ್ಲ, ನಾಳೆಯ ದೇಹ ಹೇಳುತ್ತದೆ. ಕೆಲವರಲ್ಲಿ, ವಿಶೇಷವಾಗಿ ವೈರಸ್ ಸೋಂಕಿನ ನಂತರ, ಮಿತಿಮೀರಿದ ಶ್ರಮದ ಪರಿಣಾಮ 12ರಿಂದ 72 ಗಂಟೆಗಳ ನಂತರ ಬಂದು ಅಪ್ಪಳಿಸುತ್ತದೆ: ಸೋಮವಾರ ಹುಮ್ಮಸ್ಸಿನಿಂದ ಮನೆಯೆಲ್ಲ ಓಡಾಡಿದವರು ಬುಧವಾರ ತಲೆ ಎತ್ತಲಾಗದೆ ಮಲಗುತ್ತಾರೆ, ಮತ್ತು ಎರಡಕ್ಕೂ ಇರುವ ನಂಟು ಅವರಿಗೆ ಹೊಳೆಯುವುದೇ ಇಲ್ಲ. ಹೀಗಾಗುವವರು ವ್ಯಾಯಾಮ ಹೆಚ್ಚಿಸುವುದರಿಂದ ಗುಣವಾಗುವುದಿಲ್ಲ, ಕೆಡುತ್ತಾರೆ. ಅವರು ಮುಂದಿನ ಹಂತವನ್ನು ವೈದ್ಯರೊಡನೆ ಮಾತನಾಡದೆ ಆರಂಭಿಸಬಾರದು.

ಅಳೆಯಲು ಉಪಕರಣವೇನೂ ಬೇಡ. ಸ್ವೀಡನ್ನಿನ ಮನೋವಿಜ್ಞಾನಿ ಗುನ್ನಾರ್ ಬೋರ್ಗ್ ರೂಪಿಸಿದ ಮಾಪಕದಲ್ಲಿ ಶ್ರಮಕ್ಕೆ 0ಯಿಂದ 10ರವರೆಗೆ ಅಂಕ ಕೊಡುತ್ತಾರೆ; 0 ಎಂದರೆ ಏನೂ ಶ್ರಮವಿಲ್ಲ, 10 ಎಂದರೆ ತಾಳಲಾರದಷ್ಟು. ಮೊದಲ ವಾರಗಳಲ್ಲಿ 2 ಅಥವಾ 3ರಲ್ಲಿ ಇರಿ, ವ್ಯಾಯಾಮದ ದಿನಗಳಲ್ಲಿ 4ನ್ನು ದಾಟಬೇಡಿ. ಅಂಕ ಕೊಡುವುದು ತೊಡಕೆನಿಸಿದರೆ ಮಾತೇ ಮಾಪಕ: ನಡೆಯುತ್ತಲೇ ಒಂದು ವಾಕ್ಯವನ್ನು ಪೂರ್ತಿ ಆಡಲು ಆಗುತ್ತಿದ್ದರೆ ವೇಗ ಸರಿಯಾಗಿದೆ.

ದಿನದ ಕೆಲಸಗಳನ್ನೂ ಇದೇ ಲೆಕ್ಕಕ್ಕೆ ತನ್ನಿ. ಸ್ನಾನ ದೊಡ್ಡ ಕೆಲಸ, ಅದನ್ನು ಆರೋಗ್ಯವಂತರು ಮರೆತಿರುತ್ತಾರೆ. ಬಚ್ಚಲಿನಲ್ಲಿ ಸ್ಟೂಲಿನ ಮೇಲೆ ಕುಳಿತು ಸ್ನಾನ ಮಾಡಿ, ತೀರ ಬಿಸಿನೀರು ಬೇಡ, ಮೈ ಒರೆಸಿಕೊಳ್ಳುವ ಬದಲು ದೊಡ್ಡ ಟವೆಲ್ ಸುತ್ತಿಕೊಂಡು ಕುಳಿತರೆ ಮೈ ತಾನೇ ಒಣಗುತ್ತದೆ. ತರಕಾರಿ ಹೆಚ್ಚುವುದು, ಬಟ್ಟೆ ಮಡಚುವುದು ಎಲ್ಲವನ್ನೂ ಕುಳಿತೇ ಮಾಡಿ. ಊಟವಾದ ಕೂಡಲೇ ಶ್ರಮದ ಕೆಲಸ ಬೇಡ. ಸುಸ್ತಾದ ಮೇಲೆ ವಿಶ್ರಾಂತಿ ಪಡೆಯುವುದಕ್ಕಿಂತ ಸುಸ್ತಾಗುವ ಮುಂಚೆಯೇ ಕೂರುವುದು ಲಾಭದ ದಾರಿ. ಮೂರು ವಾರ ಒಂದು ಪುಸ್ತಕದಲ್ಲಿ ಮಾಡಿದ ಕೆಲಸ, ಕೊಟ್ಟ ಅಂಕ ಮತ್ತು ಮರುದಿನದ ಸ್ಥಿತಿ ಈ ಮೂರನ್ನೇ ಬರೆದರೆ ನಿಮ್ಮ ಮಿತಿ ಎಲ್ಲಿದೆಯೆಂಬುದು ಕಣ್ಣಿಗೆ ಕಾಣುತ್ತದೆ.

ಹಂತ 5: ಸ್ನಾಯುಗಳನ್ನು ಮರಳಿ ಕಟ್ಟುವುದು

ಫಿಸಿಯೋಥೆರಪಿಸ್ಟ್ ಸಿಗುವಂತಿದ್ದರೆ ಅವರ ಕಣ್ಣೆದುರಿನಲ್ಲಿಯೇ ಆರಂಭಿಸುವುದು ಒಳ್ಳೆಯದು. ಹೃದಯದ ಉರಿಯೂತವಾಗಿತ್ತೆಂದು ಹೇಳಿದ್ದರೆ ಅಥವಾ ವಿಶ್ರಾಂತಿಯಲ್ಲೂ ಎದೆಬಡಿತ ಜೋರಾಗಿದ್ದರೆ ವೈದ್ಯರ ಒಪ್ಪಿಗೆ ಕಡ್ಡಾಯ. ಮೊದಲ ವ್ಯಾಯಾಮ ನಡಿಗೆಯೇ. ಮನೆಯೊಳಗೇ ಎರಡು ನಿಮಿಷದಂತೆ ದಿನಕ್ಕೆ ನಾಲ್ಕೈದು ಬಾರಿ ನಡೆದು, ಮರುದಿನ ದೇಹ ತಕರಾರು ಮಾಡದಿದ್ದರೆ ಎರಡು ಮೂರು ದಿನಕ್ಕೊಮ್ಮೆ ಒಂದು ನಿಮಿಷ ಸೇರಿಸಿ.

ಕಾಲಿನ ಬಲಕ್ಕೆ ಅತ್ಯುತ್ತಮ ವ್ಯಾಯಾಮ ಕುರ್ಚಿಯಿಂದ ಏಳುವುದು. ಗೋಡೆಗೆ ತಾಗಿಸಿದ, ಗಟ್ಟಿಯಾದ ಕುರ್ಚಿಯಲ್ಲಿ ಕುಳಿತು, ಪಾದಗಳನ್ನು ಮೊಣಕಾಲಿಗಿಂತ ತುಸು ಹಿಂದಿಟ್ಟು, ಮುಂದೆ ಬಾಗಿ, ಉಸಿರು ಬಿಡುತ್ತ ಎದ್ದು ನಿಂತು, ಮೂರು ಎಣಿಸುತ್ತ ನಿಧಾನವಾಗಿ ಕುಳಿತುಕೊಳ್ಳಿ. ಧೊಪ್ಪನೆ ಕೂರಬಾರದು, ಇಳಿಯುವಾಗಲೂ ತೊಡೆ ಕೆಲಸ ಮಾಡುತ್ತದೆ. ಮೊದಲು ಕೈಗಳ ಆಸರೆಯಿಂದ ಐದು ಸಲ, ಕ್ರಮೇಣ ಕೈ ಬಿಟ್ಟು ಹತ್ತು ಸಲ. ಕುರ್ಚಿಯ ಬೆನ್ನು ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು ಮೀನಖಂಡಕ್ಕೆ, ಗೋಡೆಗೆ ಅಂಗೈ ಊರಿ ಮೊಣಕೈ ಮಡಚಿ ಚಾಚುವುದು ತೋಳಿಗೆ ಮತ್ತು ಎದೆಗೆ. ಇವುಗಳನ್ನು ವಾರಕ್ಕೆ ಮೂರು ದಿನ, ನಡುವೆ ಒಂದು ದಿನ ಬಿಟ್ಟು ಮಾಡಿ. ವ್ಯಾಯಾಮದ ನಡುವೆ ಆಕ್ಸಿಮೀಟರಿನ ಅಂಕಿ ವಿಶ್ರಾಂತಿಯ ಅಂಕಿಗಿಂತ 4 ಅಥವಾ ಹೆಚ್ಚು ಇಳಿದರೆ ಅಲ್ಲಿಗೇ ನಿಲ್ಲಿಸಿ ವೈದ್ಯರಿಗೆ ಹೇಳಬೇಕು. ತಲೆ ಸುತ್ತಿದರೂ ಹಾಗೆಯೇ.

ಭಾರ ಅಥವಾ ವೇಗವನ್ನು ಏರಿಸುವಾಗ ಪ್ರತಿ ಮಟ್ಟದಲ್ಲಿ ಕನಿಷ್ಠ 7 ದಿನ ನಿಲ್ಲಬೇಕೆಂಬ ನಿಯಮ ಬಹಳ ಉಪಯುಕ್ತ. ಸುಸ್ತು ಹೆಚ್ಚಿದರೆ ಹಿಂದಿನ ಮಟ್ಟಕ್ಕೆ ಇಳಿಯಿರಿ. ಕೆಲವರಿಗೆ, ಮುಖ್ಯವಾಗಿ ಬೋರಲು ಮಲಗಿಸಿ ಚಿಕಿತ್ಸೆ ಪಡೆದವರಿಗೆ, ಭುಜದ ನೋವು ಅಥವಾ ಕೈಯ ಜೋಮು ಉಳಿದಿರುತ್ತದೆ; ಇನ್ನು ಕೆಲವರಿಗೆ ನಡೆಯುವಾಗ ಪಾದದ ಮುಂಭಾಗ ಮೇಲೇಳದೆ ನೆಲಕ್ಕೆ ತಾಗುತ್ತದೆ. ಇವು ನರಕ್ಕೆ ಒತ್ತಡ ಬಿದ್ದುದರ ಸೂಚನೆಗಳಿರಬಹುದು, ವ್ಯಾಯಾಮದಿಂದ ಹೋದೀತೆಂದು ಕಾಯದೆ ತೋರಿಸಿ.

ಊಟ, ನುಂಗುವಿಕೆ, ದನಿ

ಸ್ನಾಯು ಬೆಳೆಯಲು ಪ್ರೋಟೀನ್ ಬೇಕು. ಕಾಯಿಲೆಯಿಂದ ಸೊರಗಿದ ಹಿರಿಯರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಎಂಬುದು ತಜ್ಞರು ಸೂಚಿಸುವ ಪ್ರಮಾಣ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ಹೆಚ್ಚಿಸಬಾರದು. ಒಂದೇ ಸಲ ತಟ್ಟೆ ತುಂಬ ಉಣ್ಣಲು ಆಗದವರು ಐದಾರು ಸಲ ಸ್ವಲ್ಪ ಸ್ವಲ್ಪವಾಗಿ ತಿನ್ನಲಿ, ಏಕೆಂದರೆ ತುಂಬಿದ ಹೊಟ್ಟೆ ವಪೆಯನ್ನು, ಅಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯುವನ್ನು, ಮೇಲಕ್ಕೆ ಒತ್ತಿ ಉಸಿರಿಗೂ ಅಡ್ಡಿಯಾಗುತ್ತದೆ. ವಾಸನೆ ಹೋಗಿದ್ದರೆ ಗುಲಾಬಿ, ನಿಂಬೆ, ಲವಂಗ, ನೀಲಗಿರಿ ಎಣ್ಣೆಗಳಂಥ ನಾಲ್ಕು ಪರಿಮಳಗಳನ್ನು ದಿನಕ್ಕೆರಡು ಬಾರಿ, ತಲಾ 10ರಿಂದ 20 ಸೆಕೆಂಡು, ಆ ವಾಸನೆಯನ್ನು ನೆನಪಿಸಿಕೊಳ್ಳುತ್ತ ಮೂಸುವ ಅಭ್ಯಾಸವಿದೆ. ಫಲಕ್ಕೆ ಮೂರು ತಿಂಗಳಾದರೂ ಬೇಕು.

ಗಂಟಲೊಳಗೆ ಕೊಳವೆ ಹಾಕಿದ್ದವರಿಗೆ ದನಿ ಒಡೆಯುವುದು, ನೀರು ಕುಡಿದಾಗ ಕೆಮ್ಮು ಬರುವುದು ಸಾಮಾನ್ಯ. ನೆಟ್ಟಗೆ ಕುಳಿತು, ಸಣ್ಣ ಗುಟುಕುಗಳಲ್ಲಿ, ಮಾತಾಡದೆ ಉಣ್ಣಿ; ಊಟದ ನಂತರ ಅರ್ಧ ಗಂಟೆ ಮಲಗಬೇಡಿ. ಪಿಸುಮಾತು ದನಿಗೆ ವಿಶ್ರಾಂತಿಯೆಂದು ಅನೇಕರು ತಿಳಿದಿದ್ದಾರೆ, ಆದರೆ ಅದು ಗಂಟಲನ್ನು ಇನ್ನಷ್ಟು ಬಿಗಿಸುತ್ತದೆ. ಮೆತ್ತಗಿನ ಸಹಜ ದನಿಯೇ ಒಳ್ಳೆಯದು. ಪ್ರತಿ ಊಟಕ್ಕೂ ಕೆಮ್ಮು ಬರುತ್ತಿದ್ದರೆ ಆಹಾರ ಶ್ವಾಸನಾಳಕ್ಕೆ ಹೋಗುತ್ತಿರಬಹುದು, ಅದನ್ನು ತಡಮಾಡದೆ ಪರೀಕ್ಷಿಸಿಕೊಳ್ಳಬೇಕು. ಎರಡು ಮೂರು ತಿಂಗಳ ನಂತರ ಕೂದಲು ಕೈಗೆ ಗೊಂಚಲಾಗಿ ಬಂದರೆ ಹೆದರಬೇಡಿ. ತೀವ್ರ ಕಾಯಿಲೆಯ ನಂತರದ ಈ ಉದುರುವಿಕೆ ಸಾಮಾನ್ಯವಾಗಿ ತಾನಾಗಿ ನಿಂತು ಕೂದಲು ಮರಳುತ್ತದೆ.

ಹಂತ 6: ಮನಸ್ಸಿನ ಗಾಯ

ಐಸಿಯುನಲ್ಲಿ ನಿದ್ರಾಜನಕಗಳು, ಸೋಂಕು, ಹಗಲು ರಾತ್ರಿಗಳ ವ್ಯತ್ಯಾಸವೇ ಇಲ್ಲದ ಬೆಳಕು, ಯಂತ್ರಗಳ ಸದ್ದು ಎಲ್ಲ ಸೇರಿ ಬಹಳ ರೋಗಿಗಳಿಗೆ ಭ್ರಮೆಯ ಸ್ಥಿತಿ ಬರುತ್ತದೆ. ದಾದಿಯರು ತನ್ನನ್ನು ಕೊಲ್ಲಲು ಬಂದರೆಂದು, ತನ್ನನ್ನು ಯಾವುದೋ ಹಡಗಿನಲ್ಲಿ ಕಟ್ಟಿಹಾಕಿದ್ದರೆಂದು ಕಂಡ ಚಿತ್ರಗಳು ಕನಸಿನಂತೆ ಮಾಸುವುದಿಲ್ಲ, ನಿಜವಾಗಿ ನಡೆದುದರ ನೆನಪಿನಷ್ಟೇ ಸ್ಪಷ್ಟವಾಗಿ ಉಳಿಯುತ್ತವೆ. ರೋಗಿ ಅದನ್ನು ಯಾರಿಗೂ ಹೇಳುವುದಿಲ್ಲ, ಹುಚ್ಚು ಎನ್ನುತ್ತಾರೆಂಬ ಭಯ. ಆದ್ದರಿಂದ ಮನೆಯವರೇ ಮಾತು ತೆಗೆಯಬೇಕು: ಆಸ್ಪತ್ರೆಯಲ್ಲಿ ವಿಚಿತ್ರವಾದದ್ದೇನಾದರೂ ಕಂಡಿತ್ತೇ ಎಂದು ಕೇಳಿ, ಇಂಥ ಅನುಭವ ಎಷ್ಟೋ ಜನರಿಗೆ ಆಗುತ್ತದೆಂದು ತಿಳಿಸಿ.

ಪ್ರಜ್ಞೆಯಿಲ್ಲದ ದಿನಗಳ ಖಾಲಿ ಜಾಗವೂ ಕಾಡುತ್ತದೆ. ಸ್ಕ್ಯಾಂಡಿನೇವಿಯದ ಆಸ್ಪತ್ರೆಗಳಲ್ಲಿ ದಾದಿಯರೂ ಬಂಧುಗಳೂ ರೋಗಿಗಾಗಿ ದಿನಚರಿ ಬರೆದಿಡುವ ಪದ್ಧತಿ ಬೆಳೆಯಿತು. ಆಮೇಲೆ ಅದನ್ನು ಓದಿದಾಗ ಯಾವ ದಿನ ಏನಾಯಿತೆಂಬುದು ಜೋಡಿಕೊಳ್ಳುತ್ತದೆ. ಇದರ ಲಾಭದ ಬಗ್ಗೆ ಅಧ್ಯಯನಗಳ ಫಲಿತಾಂಶ ಒಂದೇ ತೆರನಾಗಿಲ್ಲವಾದರೂ, ಮನೆಯವರು ತಮ್ಮ ನೆನಪಿನಿಂದ ದಿನಗಳ ಸರಳ ಪಟ್ಟಿಯೊಂದನ್ನು ಬರೆದುಕೊಡುವುದರಲ್ಲಿ ನಷ್ಟವೇನಿಲ್ಲ. ಓದುವ ಸಮಯವನ್ನು ಮಾತ್ರ ರೋಗಿಯೇ ಆರಿಸಿಕೊಳ್ಳಲಿ.

ಆತಂಕಕ್ಕೂ ಏದುಸಿರಿಗೂ ಒಂದು ಚಕ್ರವಿದೆ: ದಮ್ಮು ಬಂದರೆ ಭಯ, ಭಯವಾದರೆ ಉಸಿರು ಇನ್ನೂ ಮೇಲುಮೇಲಕ್ಕೆ. ಅದನ್ನು ಮುರಿಯಲು ಮೂರನೆಯ ಹಂತದ ಭಂಗಿ ಮತ್ತು ತುಟಿಯುಸಿರೇ ಸಾಧನ. ಹಳೆಯ ದೃಶ್ಯ ನುಗ್ಗಿ ಬಂದಾಗ ಸುತ್ತ ಕಾಣುವ ಐದು ವಸ್ತು, ಮುಟ್ಟಬಲ್ಲ ನಾಲ್ಕು, ಕೇಳುವ ಮೂರು ಸದ್ದು, ಎರಡು ವಾಸನೆ, ಒಂದು ರುಚಿಯನ್ನು ಹೆಸರಿಸುತ್ತ ಹೋದರೆ ಮನಸ್ಸು ಈಗಿನ ಕೋಣೆಗೆ ಮರಳುತ್ತದೆ. ದುಃಸ್ವಪ್ನ, ಬೆಚ್ಚಿಬೀಳುವುದು, ಆಸ್ಪತ್ರೆಯ ಹೆಸರೆತ್ತಿದರೆ ಜಾಗ ಬಿಡುವುದು ಒಂದು ತಿಂಗಳಾದರೂ ತಗ್ಗದಿದ್ದರೆ, ಅಥವಾ ಎರಡು ವಾರ ಯಾವುದರಲ್ಲೂ ಆಸಕ್ತಿಯೇ ಇಲ್ಲದಿದ್ದರೆ ಮನೋವೈದ್ಯರ ನೆರವು ಬೇಕು. ಬದುಕುವುದೇ ಬೇಡವೆಂಬ ಮಾತು ಬಂದರೆ ಅದೇ ದಿನ, ಅವರನ್ನು ಒಂಟಿಯಾಗಿ ಬಿಡದೆ, ಕರೆದೊಯ್ಯಿರಿ.

ಇನ್ನು ಯೋಚನೆಯ ಮಂಕು. 2013ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ತೀವ್ರ ಕಾಯಿಲೆಯಿಂದ ಉಳಿದವರ ಪೈಕಿ ಶೇ. 40ರಷ್ಟು ಮಂದಿಯ ನೆನಪು ಮತ್ತು ಗಮನದ ಅಂಕಗಳು, ಮೂರು ತಿಂಗಳ ನಂತರವೂ, ತಲೆಗೆ ಮಧ್ಯಮ ಪ್ರಮಾಣದ ಪೆಟ್ಟು ಬಿದ್ದವರ ಮಟ್ಟದಲ್ಲಿದ್ದವು. ಆದ್ದರಿಂದ ಒಲೆಯ ಮೇಲಿಟ್ಟುದನ್ನು ಮರೆಯುವುದು ಅಸಡ್ಡೆಯಲ್ಲ. ಒಮ್ಮೆಗೆ ಒಂದೇ ಕೆಲಸ, ಮಾತ್ರೆಗೆ ಮತ್ತು ಒಲೆಗೆ ಅಲಾರಾಂ, ವಸ್ತುಗಳಿಗೆ ನಿಗದಿಯಾದ ಜಾಗ, ತಲೆ ಚುರುಕಾಗಿರುವ ಹೊತ್ತಿನಲ್ಲಿ ಅರ್ಧ ಗಂಟೆಯ ಓದು ಅಥವಾ ಲೆಕ್ಕ ಇವೆಲ್ಲ ನೆರವಾಗುತ್ತವೆ. ಹಣಕಾಸಿನ ದೊಡ್ಡ ತೀರ್ಮಾನಗಳನ್ನು ಮುಂದೂಡಿ.

ಆರೈಕೆ ಮಾಡುವವರಿಗೂ ಇದೇ ಮನೋಗಾಯ ಆಗಿರಬಲ್ಲದು, ಅವರಿಗೂ ವಾರದಲ್ಲಿ ಪೂರ್ತಿ ಬಿಡುವಿನ ಅರ್ಧ ದಿನ ಬೇಕು. ರೋಗಿ ತಾನೇ ಮಾಡಬಲ್ಲ ಕೆಲಸವನ್ನು ಪ್ರೀತಿಯಿಂದ ಕಿತ್ತುಕೊಂಡು ಮಾಡುವುದು ಅವರ ಸ್ನಾಯುವನ್ನೂ ಧೈರ್ಯವನ್ನೂ ಕುಂದಿಸುತ್ತದೆ. ಲೋಟ ತುಂಬಿಕೊಳ್ಳಲು ಅವರಿಗೆ ಐದು ನಿಮಿಷ ಬೇಕಾದರೆ ಐದು ನಿಮಿಷ ಕಾಯಿರಿ.

ಹಂತ 7: ಕೆಲಸಕ್ಕೆ ಮರಳುವುದು

ವಾಹನ ಓಡಿಸುವ ಮುನ್ನ ವೈದ್ಯರನ್ನು ಕೇಳಿ. ಬ್ರೇಕ್ ಒತ್ತುವ ಕಾಲಿನ ಬಲ, ಕುತ್ತಿಗೆ ತಿರುಗಿಸುವ ಸಾಮರ್ಥ್ಯ, ತಟ್ಟನೆ ತೀರ್ಮಾನಿಸುವ ಗಮನ ಮೂರೂ ಮರಳಿರಬೇಕು. ಇನ್‌ಫ್ಲುಯೆಂಜಾ ಮತ್ತು ನ್ಯುಮೋಕಾಕಸ್ ಲಸಿಕೆಗಳ ಬಗ್ಗೆ ಅದೇ ಭೇಟಿಯಲ್ಲಿ ವಿಚಾರಿಸಿ. ಕೆಲಸಕ್ಕೆ ಹೊರಡುವ ಎರಡು ವಾರ ಮೊದಲು ಮನೆಯಲ್ಲೇ ತಾಲೀಮು ಮಾಡಿ: ಅದೇ ಹೊತ್ತಿಗೆ ಏಳುವುದು, ಅಷ್ಟೇ ಹೊತ್ತು ಕುಳಿತು ಗಮನ ಬೇಡುವ ಕೆಲಸ ಮಾಡುವುದು, ಅಷ್ಟೇ ದೂರ ನಡೆಯುವುದು. ನಂತರ ಮೇಲಧಿಕಾರಿಯೊಡನೆ ಮಾತಾಡಿ, ಮೊದಲ ಎರಡು ವಾರ ಸೋಮವಾರ, ಬುಧವಾರ, ಶುಕ್ರವಾರ ಅರ್ಧ ದಿನದಂತೆ ಹೋಗಲು ಸಾಧ್ಯವೇ ಕೇಳಿ. ಸತತ ಮೂರು ದಿನಗಳಿಗಿಂತ ಹೀಗೆ ಬಿಡಿಸಿದ ಮೂರು ದಿನಗಳು ಮೇಲು, ಏಕೆಂದರೆ ಮಂಗಳವಾರ ಮತ್ತು ಗುರುವಾರ ಬೆಳಿಗ್ಗೆ ನೀವು ಹೇಗೆ ಏಳುತ್ತೀರಿ ಎಂಬುದನ್ನು ನೋಡಿಯೇ ಮುಂದಿನ ವಾರಕ್ಕೆ ಒಂದು ಗಂಟೆ ಸೇರಿಸಬೇಕೋ, ಅಷ್ಟರಲ್ಲೇ ನಿಲ್ಲಬೇಕೋ ಎಂದು ನಿರ್ಧರಿಸಬಹುದು.